ಬಣ್ಣ ಬಿಡಿ, ಕುತ್ತಿಗೆ ನೋಡಿ: ಮಲೆನಾಡಿನ ಮರದ ಓತಿಗಳನ್ನು ಗುರುತಿಸುವುದು ಹೇಗೆ

ಮೂರು ವರ್ಷದ ಹಿಂದೆ, ಜೂನ್ ಮೊದಲ ವಾರ. ರೋಹಿಣಿ ಮಳೆ ಎರಡು ದಿನ ಹೊಡೆದು ಬಿಟ್ಟಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ದಣಪೆ ಪಕ್ಕ ಒಂದು ಹಲಸಿನ ಮರ ಇದೆ. ಅದರ ಕಾಂಡದ ಮೇಲೆ, ನನ್ನ ಎದೆಯ ಎತ್ತರಕ್ಕೆ, ಒಂದು ಓತಿ ಕೂತಿತ್ತು. ಮುಖದ ಪಕ್ಕ ಕಾಡಿಗೆ ಬಳಿದ ಹಾಗೆ ಕಪ್ಪು. ನೆತ್ತಿಯಿಂದ ಬೆನ್ನಿನವರೆಗೆ ಹಣ್ಣಡಿಕೆಯ ಕಿತ್ತಳೆ. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾಲ್ಕು ಫೋಟೋ ತೆಗೆದು, ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ 'ಹೊಸ ಜಾತಿ ಇರಬಹುದು' ಅಂತ ಬರೆದೆ.

ಆಗಸ್ಟಿನಲ್ಲಿ ಮಳೆ ಜಾಸ್ತಿಯಾಗಿ ಮನೆಯೊಳಗೇ ಕೂತಿದ್ದಾಗ ಹಳೆಯ ಫೋಟೋಗಳನ್ನು ಸುಮ್ನೆ ತಿರುವಿ ಹಾಕುತ್ತಿದ್ದೆ. ಜನವರಿಯಲ್ಲಿ ಅದೇ ಹಲಸಿನ ಮರದ ಮೇಲೆ ತೆಗೆದ ಒಂದು ಫೋಟೋ ಸಿಕ್ಕಿತು. ಒಣಗಿದ ತರಗೆಲೆ ಬಣ್ಣದ, ಯಾರೂ ತಿರುಗಿ ನೋಡದಂಥ ಸಣ್ಣ ಓತಿ. ಎಡಗೈಯ ಒಂದು ಬೆರಳು ಅರ್ಧ ತುಂಡಾಗಿತ್ತು. ಜೂನ್ ಫೋಟೋ ದೊಡ್ಡದು ಮಾಡಿ ನೋಡಿದೆ. ಅಲ್ಲೂ ಎಡಗೈ, ಅದೇ ಬೆರಳು, ಅದೇ ಅರ್ಧ ತುಂಡು.

ಅವತ್ತಿನಿಂದ ಓತಿಯ ಹೆಸರು ಹೇಳುವಾಗ ಬಣ್ಣವನ್ನು ಕೊನೆಗೆ ನೋಡುತ್ತೇನೆ. ಈ ಬರಹ ಅಷ್ಟು ತಿಳಿಯಲು ನನಗೆ ಹಿಡಿದ ಮೂರು ವರ್ಷದ ಲೆಕ್ಕ. ನಿಮಗೆ ಒಂದು ಮಳೆಗಾಲ ಸಾಕು.

ಮೊದಲು, ಮರದ ಮೇಲೆ ಯಾರ್ಯಾರಿದ್ದಾರೆ

ನಮ್ಮಲ್ಲಿ ಎಲ್ಲಕ್ಕೂ ಓತಿಕ್ಯಾತ ಅನ್ನುತ್ತೇವೆ. ಸ್ವಲ್ಪ ಓದಿದವರು ಗೋಸುಂಬೆ ಅನ್ನುತ್ತಾರೆ, ಅದು ಇನ್ನೂ ತಪ್ಪು. ಗೋಸುಂಬೆ ಬೇರೆಯೇ ಪ್ರಾಣಿ. ಅದರ ಬೆರಳುಗಳು ಎರಡು ಗುಂಪಾಗಿ ಇಕ್ಕಳದ ಹಾಗೆ ಕೊಂಬೆ ಹಿಡಿಯುತ್ತವೆ, ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ, ಬಾಲ ಸುರುಳಿ ಸುತ್ತುತ್ತದೆ. ನಡೆದರೆ ಒಂದು ಹೆಜ್ಜೆಗೆ ನಾಲ್ಕು ಸಲ ಯೋಚನೆ ಮಾಡುತ್ತದೆ. ಬಯಲು ಸೀಮೆ ಕಡೆ ಹೋದ ಹಾಗೆ ಅದು ಸಿಗುವುದು ಹೆಚ್ಚು. ಆಗುಂಬೆ ಕಡೆಯ ಮಳೆಕಾಡಿನಲ್ಲಿ ನಿಮ್ಮ ಮುಂದೆ ಸರ್ರನೆ ಮರ ಹತ್ತಿದ್ದು ಗೋಸುಂಬೆ ಆಗಿರುವುದಿಲ್ಲ.

ನಮ್ಮ ತೋಟ, ಬೇಲಿ, ಸೊಪ್ಪಿನ ಬೆಟ್ಟದಲ್ಲಿ ಹಗಲು ಹೊತ್ತು ಕಾಣುವವು ಮುಖ್ಯವಾಗಿ ನಾಲ್ಕು.

ಒಂದು, ಬೇಲಿ ಓತಿ. ಶಾಲೆಗೆ ಹೋಗುವಾಗ ನಾವೆಲ್ಲ ಕಲ್ಲು ಹೊಡೆದದ್ದು ಇದಕ್ಕೇ. ವೈಜ್ಞಾನಿಕ ಹೆಸರು ಕ್ಯಾಲೋಟಿಸ್ ವರ್ಸಿಕಲರ್. ಫ್ರಾನ್ಸಿನ ದೋದಾನ್ 1802ರಲ್ಲಿ ಇಟ್ಟದ್ದು. ವರ್ಸಿಕಲರ್ ಅಂದರೆ ಲ್ಯಾಟಿನ್‌ನಲ್ಲಿ ಬಣ್ಣ ಬದಲಿಸುವುದು. ಅಲ್ಲಿಗೆ ಹೆಸರಿಟ್ಟವನೇ ಎಚ್ಚರಿಸಿದ್ದಾನೆ, ನಾವು ಕೇಳಲಿಲ್ಲ ಅಷ್ಟೆ. ಏಷ್ಯಾದ ಉದ್ದಗಲಕ್ಕೂ ಈ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದವು ನಿಜಕ್ಕೂ ಹಲವು ಜಾತಿಗಳು ಅಂತ 2021ರಲ್ಲಿ ವಿಂಗಡಣೆ ಆಯಿತು. ದಕ್ಷಿಣ ಭಾರತದ್ದಕ್ಕೆ ಹಳೆಯ ಹೆಸರೇ ಉಳಿದಿದೆ.

ಎರಡು, ಸಣ್ಣ ಕಾಡು ಓತಿ, ನನ್ನ ಹಲಸಿನ ಮರದ್ದು. ಈ ಬರಹದ ನಾಯಕ ಇವನೇ. ಬಾಲ ಬಿಟ್ಟರೆ ಏಳೆಂಟು ಸೆಂಟಿಮೀಟರ್ ಮೈ, ಬಾಲ ಅದರ ಎರಡರಷ್ಟು. 1837ರಲ್ಲಿ ಇದಕ್ಕೆ ಕ್ಯಾಲೋಟಿಸ್ ರೂಕ್ಸಿ ಅಂತ ಹೆಸರಿಟ್ಟರು. ಪೊಲಿಡೋರ್ ರೂ ಎಂಬ ಫ್ರೆಂಚ್ ಪ್ರಕೃತಿ ಶಾಸ್ತ್ರಜ್ಞನ ನೆನಪಿಗೆ ಇಟ್ಟದ್ದು. 2018ರಲ್ಲಿ ಪಶ್ಚಿಮ ಘಟ್ಟದ ಓತಿಗಳನ್ನು ಮತ್ತೆ ಪರಿಶೀಲಿಸಿದಾಗ ಇದನ್ನು ಬೇಲಿ ಓತಿಯ ಕುಲದಿಂದ ಬೇರೆ ಮಾಡಿ ಮೊನಿಲೆಸಾರಸ್ ಎಂಬ ಹೊಸ ಕುಲಕ್ಕೆ ಸೇರಿಸಿದರು. ಮೊನಿಲೆ ಅಂದರೆ ಕೊರಳ ಸರ. ಯಾಕೆ ಆ ಹೆಸರು ಅಂತ ಮುಂದೆ ಹೇಳುತ್ತೇನೆ, ಗುರುತು ಹಿಡಿಯುವ ಕೀಲಿಕೈ ಅದರಲ್ಲೇ ಇದೆ.

ಮೂರು, ಇದೇ ಹೊಸ ಕುಲದ ಎಲಿಯಟ್ ಓತಿ. ಒಂದು ಕೈ ಇನ್ನೂ ಸಣ್ಣದು, ದಟ್ಟ ಕಾಡಿನ ನೆರಳಲ್ಲಿ ಇರುತ್ತದೆ. ವಾಲ್ಟರ್ ಎಲಿಯಟ್ ಬ್ರಿಟಿಷ್ ಅಧಿಕಾರಿ. 1824ರ ಕಿತ್ತೂರಿನ ಯುದ್ಧದಲ್ಲಿ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕಿದ್ದ ಅದೇ ಎಲಿಯಟ್. ಇತಿಹಾಸದ ಪಾಠದಲ್ಲಿ ಓದಿದ ಹೆಸರು ಓತಿಯ ಬಾಲಕ್ಕೆ ಅಂಟಿಕೊಂಡದ್ದು ನೋಡಿ ನನಗೆ ನಗು ಬಂದಿತ್ತು.

ನಾಲ್ಕು, ಹಾರುವ ಓತಿ. ಡ್ರಾಕೋ ಡುಸುಮೆರಿ. ಮಲೆನಾಡಿನವರಿಗೆ ಇದರ ಪರಿಚಯ ಬೇಡ, ಆದರೆ ನೋಡುವ ಉಪಾಯ ಬೇಕು. ಅದಕ್ಕೆ ಕೆಳಗೆ ಬೇರೆ ಜಾಗ ಕೊಟ್ಟಿದ್ದೇನೆ.

ಹೊತ್ತು ಮತ್ತು ಜಾಗ

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ. ಇಬ್ಬನಿ ಆರಿ, ಬಿಸಿಲು ಕಾಂಡಕ್ಕೆ ಓರೆಯಾಗಿ ಬೀಳುವ ಹೊತ್ತು. ಓತಿಗಳದ್ದು ತಣ್ಣನೆ ರಕ್ತ, ಮೈ ಕಾಯಿಸಿಕೊಳ್ಳದೆ ಅವಕ್ಕೆ ಕೆಲಸ ಇಲ್ಲ. ಆರು ಗಂಟೆಗೆ ಎದ್ದು ಹಕ್ಕಿ ನೋಡುವವರ ಹಾಗೆ ಹೊರಟರೆ ಬರೀ ಇಂಬಳ ಹತ್ತಿಸಿಕೊಂಡು ಬರುತ್ತೀರಿ. ತಿಂಡಿ ತಿಂದು ನಿಧಾನವಾಗಿ ಹೋಗಿ.

ಕಾಡಿನೊಳಗೆ ಹೋಗಬೇಕು ಅಂತೇನೂ ಇಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋಗಲೂ ಬಾರದು. ಬಿಸಿಲು ನೆರಳು ಕೂಡುವ ಅಂಚೇ ಬೇಕಾದದ್ದು. ತೋಟಕ್ಕೆ ಇಳಿಯುವ ದಾರಿ, ತೋಟ ಮುಗಿದು ಬೆಟ್ಟ ಶುರುವಾಗುವ ಅಗಳದ ಏರಿ, ಕೊಟ್ಟಿಗೆ ಹಿಂದಿನ ಗೊಬ್ಬರದ ಗಿಡದ ಬೇಲಿ. ಪೇಟೆಯವರಾದರೆ ಕುಪ್ಪಳಿಯಲ್ಲಿ ಕವಿಶೈಲಕ್ಕೆ ಹತ್ತುವ ದಾರಿಯ ಎರಡೂ ಬದಿ ಮರಗಳನ್ನು ನೋಡುತ್ತಾ ಹೋಗಿ. ಎಲ್ಲರೂ ಬಂಡೆಯ ಕಡೆ ಕಣ್ಣು ನೆಟ್ಟು ಹತ್ತುತ್ತಾರೆ, ಕಾಂಡಗಳನ್ನು ಯಾರೂ ನೋಡುವುದಿಲ್ಲ.

ಕಾಲದ ಲೆಕ್ಕ ಹೀಗೆ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯ ಅಡ್ಡ ಮಳೆಯಿಂದ ಶುರುವಾಗಿ ಮಳೆಗಾಲದ ಬಿಡುವುಗಳಲ್ಲಿ ಗಂಡುಗಳ ಬಣ್ಣ, ಜಗಳ, ಮೊಟ್ಟೆ ಎಲ್ಲ ನಡೆಯುತ್ತದೆ. ಆರಿದ್ರಾ, ಪುನರ್ವಸು ಮಳೆ ಒಂದೇ ಸಮ ಹಿಡಿದರೆ ಮನೆಯಲ್ಲಿ ಹಪ್ಪಳ ಸುಟ್ಟುಕೊಂಡು ಕೂತಿರಿ, ಅವೂ ಕೂತಿರುತ್ತವೆ. ಹೊಳವಾದ ಮೊದಲ ಬೆಳಿಗ್ಗೆ ಮಾತ್ರ ಬಿಡಬೇಡಿ. ಎಲ್ಲವೂ ಒಟ್ಟಿಗೆ ಬಿಸಿಲಿಗೆ ಬಂದಿರುತ್ತವೆ. ಆಗಸ್ಟ್ ಕಳೆದ ಮೇಲೆ ಬೆಂಕಿಕಡ್ಡಿ ಗಾತ್ರದ ಮರಿಗಳು ಹುಲ್ಲಿನ ಮೇಲೆ ಸಿಗುತ್ತವೆ.

ಕೂರುವುದನ್ನು ಕಲಿಯಿರಿ

ಸಾಮಾನು ಕಡಿಮೆ. ಎಂಟು ಪಟ್ಟಿನ ಒಂದು ದುರ್ಬೀನು, ಎರಡು ಮೀಟರ್ ಹತ್ತಿರದ್ದನ್ನೂ ತೋರಿಸುವಂಥದ್ದು. ಒಂದು ನೋಟ್‌ಬುಕ್, ಪೆನ್ಸಿಲ್. ಪೆನ್ನು ಬೇಡ, ನಮ್ಮ ಮಳೆಗೆ ಶಾಯಿ ಹರಡಿ ಹೋಗುತ್ತದೆ. ಕೂರಲು ಒಂದು ಅಡಿಕೆ ಹಾಳೆ. ಕಾಲಿಗೆ ಇಂಬಳದ ಔಷಧಿ, ನಿಮ್ಮ ಮನೆಯಲ್ಲಿ ಏನು ರೂಢಿಯೋ ಅದು. ನಾವು ಕೊಬ್ಬರಿ ಎಣ್ಣೆಗೆ ಸುಣ್ಣ, ಹೊಗೆಸೊಪ್ಪು ಕಲಸುತ್ತೇವೆ.

ಇಲ್ಲಿ ಒಂದು ಗಂಭೀರ ಮಾತು. ಡಿಸೆಂಬರಿನಿಂದ ಮೇವರೆಗೆ ಶಿವಮೊಗ್ಗದ ಕಾಡಂಚಿನಲ್ಲಿ ಉಣುಗಿನ ಕಾಟ, ಅದು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ತಿಂಗಳುಗಳಲ್ಲಿ ತರಗಿನ ಮೇಲೆ ಕೂರಲೇಬೇಡಿ. ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು, ಉದ್ದ ತೋಳಿನ ಅಂಗಿ ಹಾಕಿ, ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಂಗ ಸತ್ತ ಸುದ್ದಿ ಇದ್ದ ಕಡೆಗೆ ಹೋಗುವುದೇ ಬೇಡ. ಓತಿ ಮನೆ ಅಂಗಳದಲ್ಲೂ ಸಿಗುತ್ತದೆ.

ಈಗ ಕೂರುವುದು. ಒಂದು ಮರ ಅಥವಾ ಒಂದು ಬೇಲಿಗೂಟ ಆರಿಸಿ. ನಾಲ್ಕೈದು ಮೀಟರ್ ದೂರ, ಬೆನ್ನಿಗೆ ಬಿಸಿಲು ಇರುವ ಹಾಗೆ ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಹದಿನೈದನೇ ನಿಮಿಷಕ್ಕೆ ತೊಗಟೆಯ ಒಂದು ಗಂಟು ಕಣ್ಣು ಮಿಟುಕಿಸುತ್ತದೆ. ನೀವು ಬಂದಾಗಿನಿಂದ ಅದು ಅಲ್ಲೇ ಇತ್ತು.

ಮೊದಮೊದಲು ನಾನು ಹೀಗೆ ಕೂತಿದ್ದಾಗ ಪಕ್ಕದ ಮನೆ ಭಾವ ದಾರಿಯಲ್ಲಿ ನಿಂತು ಕೇಳಿದರು, "ಎಂತ ಮಾರಾಯ, ಇಲ್ಲಿ ಒಬ್ಬನೇ ಕೂತಿದೀಯ? ಹುಷಾರಿಲ್ವಾ?" ಓತಿಕ್ಯಾತ ನೋಡ್ತಿದೀನಿ ಭಾವ ಅಂದೆ. "ಬೇಲಿ ಮೇಲೆ ಹೋಗೋ ಓತಿಕ್ಯಾತನ್ನ ಪಂಚೆಯೊಳಗೆ ಬಿಟ್ಕೊಂಡ್ರಂತೆ ಅಂತ ಕೇಳಿದ್ದೆ, ಹೀಗೆ ಕಾದು ಕೂತೋನ್ನ ಇವತ್ತೇ ನೋಡಿದ್ದು" ಅಂತ ಹೇಳಿ ಹೋದರು. ಈಗ ಅವರೇ ಅಡಿಕೆ ಕೊನೆ ಇಳಿಸುವಾಗ ಹಾರುವ ಓತಿ ಕಂಡರೆ ಫೋನ್ ಮಾಡುತ್ತಾರೆ.

ಓತಿ ನಿಮ್ಮನ್ನು ಕಂಡರೆ ಓಡುವುದಕ್ಕಿಂತ ಮೊದಲು ಕಾಂಡದ ಆಚೆ ಬದಿಗೆ ಜಾರುತ್ತದೆ. ನೀವು ಸುತ್ತು ಹಾಕಿದರೆ ಅದೂ ಸುತ್ತುತ್ತದೆ, ನಡುವೆ ಯಾವಾಗಲೂ ಮರ. ಇದಕ್ಕೆ ಇಬ್ಬರು ಬೇಕು. ಒಬ್ಬರು ಅಲುಗಾಡದೆ ಕೂತಿರಿ, ಇನ್ನೊಬ್ಬರು ಆಚೆ ಕಡೆಯಿಂದ ದೂರದಲ್ಲೇ ನಿಧಾನವಾಗಿ ನಡೆಯಲಿ. ಓತಿ ತಾನಾಗಿ ಕೂತವರ ಕಡೆ ಬರುತ್ತದೆ. ಮಕ್ಕಳಿಗೆ ಈ ಆಟ ಬಲು ಇಷ್ಟ. ಅವರ ಕೈಯಲ್ಲಿದ್ದ ಕಲ್ಲು ಕೆಳಗೆ ಬೀಳಲೂ ಇದು ಒಳ್ಳೆಯ ದಾರಿ.

ಗುರುತು: ಕುತ್ತಿಗೆಯಿಂದ ಶುರು ಮಾಡಿ

ಇದು ಇಡೀ ಬರಹದ ತಿರುಳು, ಸ್ವಲ್ಪ ನಿಧಾನವಾಗಿ ಓದಿ.

ಓತಿಯನ್ನು ಪಕ್ಕದಿಂದ ನೋಡಿ. ಕುತ್ತಿಗೆ ಮುಗಿದು ಮುಂಗಾಲು ಶುರುವಾಗುವ ಜಾಗ, ಅಂದರೆ ಹೆಗಲಿನ ಮುಂದೆ, ಚರ್ಮ ಮಡಿಕೆಯಾಗಿದೆಯಾ? ಅಂಗಿಯ ಕಾಲರ್ ಮಡಿಚಿದ ಹಾಗೆ ಒಂದು ಓರೆ ಸೀಳು ಕಾಣುತ್ತದೆ, ಅದರೊಳಗೆ ಕಪ್ಪು. ಮಡಿಕೆ ಇದ್ದರೆ ಅದು ಕಾಡು ಓತಿ ಅಥವಾ ಎಲಿಯಟ್ ಓತಿ. ಇಲ್ಲದಿದ್ದರೆ ಬೇಲಿ ಓತಿ. ಹೊಸ ಕುಲಕ್ಕೆ ಕೊರಳ ಸರದ ಹೆಸರು ಬಂದದ್ದು ಈ ಮಡಿಕೆಯಿಂದಲೇ. ಓತಿ ಕಂದಾಗಿರಲಿ, ಕಪ್ಪಾಗಿರಲಿ, ಕಿತ್ತಳೆಯಾಗಿರಲಿ, ಹೆಣ್ಣಾಗಿರಲಿ, ಗಂಡಾಗಿರಲಿ, ಮಡಿಕೆ ಎಲ್ಲೂ ಹೋಗುವುದಿಲ್ಲ. ತಲೆಯನ್ನು ಮಡಿಕೆ ಇರುವ ಕಡೆಗೇ ಬಾಗಿಸಿದ್ದರೆ ಬೇಲಿ ಓತಿಯ ಚರ್ಮವೂ ಸುಕ್ಕಾಗಿ ಮೋಸ ಮಾಡಬಹುದು. ತಲೆ ನೇರ ಮಾಡುವವರೆಗೆ ಕಾಯಿರಿ.

ಆಮೇಲೆ ಮೈಯ ಪಕ್ಕದ ಹುರುಪೆ ನೋಡಿ. ಬೇಲಿ ಓತಿಯಲ್ಲಿ ಹುರುಪೆಗಳು ದೊಡ್ಡವು, ಒರಟು. ಅವುಗಳ ಚೂಪು ತುದಿ ಹಿಂದಕ್ಕೂ ಮೇಲಕ್ಕೂ ತೋರಿಸುತ್ತದೆ, ಹಂಚು ಹೊದಿಸಿದ ಮಾಡನ್ನು ತಲೆಕೆಳಗೆ ನೋಡಿದ ಹಾಗೆ. ಕಾಡು ಓತಿ ಇದರ ಮುಂದೆ ತೆಳ್ಳಗೆ, ನಯ, ಉದ್ದ ಕಾಲಿನ ಬಡಕಲ. ಬೇಲಿ ಓತಿ ಗಂಡು ಬಲಿತರೆ ಕೆನ್ನೆ ಉಬ್ಬಿ ಪೈಲ್ವಾನನ ಹಾಗೆ ಕಾಣುತ್ತದೆ. ಇವನಿಗೆ ಆ ಕೆನ್ನೆ ಬರುವುದಿಲ್ಲ.

ಮೂರನೆಯದು ಕಿವಿಯ ಗುಳಿಯ ಮೇಲಿನ ಮುಳ್ಳು. ಬೇಲಿ ಓತಿಗೆ ಅಲ್ಲಿ ಎರಡು ಸಣ್ಣ ಮುಳ್ಳು, ಒಂದಕ್ಕೊಂದು ದೂರದಲ್ಲಿ. ಕಾಡು ಓತಿಗೂ ಅಲ್ಲಿ ಮುಳ್ಳುಗಳಿವೆ, ಹಾಗಾಗಿ ಬರೀ ಮುಳ್ಳು ಕಂಡ ಮಾತ್ರಕ್ಕೆ ತೀರ್ಮಾನ ಮಾಡಬೇಡಿ. ಮಡಿಕೆಯ ಮಾತಿಗೆ ಇದು ಸಾಕ್ಷಿ ಅಷ್ಟೇ.

ಮಡಿಕೆ ಇದೆ, ಆದರೆ ಕಾಡು ಓತಿಯೋ ಎಲಿಯಟ್ ಓತಿಯೋ? ಕಣ್ಣಿನ ಕೆಳಗೆ ನೋಡಿ. ಎಲಿಯಟ್ ಓತಿಗೆ ಅಲ್ಲಿ ಒಂದು ಕಪ್ಪು ಗುರುತು ಇರುತ್ತದೆ, ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಅದು ಕಂಡರೆ ಅದೃಷ್ಟ, ಹೆಚ್ಚಿನ ತೋಟಗಳಿಗೆ ಅದು ಬರುವುದಿಲ್ಲ.

ಈಗ ಬಣ್ಣ ಓದಿ

ಹೆಸರು ಹಿಡಿದ ಮೇಲೆ ಬಣ್ಣ ನೋಡುವುದರಲ್ಲಿ ನಿಜವಾದ ಮಜಾ ಇದೆ. ಬಣ್ಣ ಆ ಪ್ರಾಣಿ ಆ ಹೊತ್ತಿನಲ್ಲಿ ಹೇಗಿದೆ ಅನ್ನುವುದನ್ನು ಹೇಳುತ್ತದೆ. ಅದರ ಚರ್ಮದ ಕೋಶಗಳಲ್ಲಿ ಕಪ್ಪು ಕಣಗಳಿವೆ. ಅವು ಕೋಶದ ತುಂಬ ಹರಡಿದರೆ ಮೈ ಕಪ್ಪಾಗುತ್ತದೆ, ನಡುವಿಗೆ ಮುದುಡಿದರೆ ತಿಳಿಯಾಗುತ್ತದೆ. ಹಾರ್ಮೋನುಗಳು ಹೇಳಿದ ಹಾಗೆ ಅವು ಕೇಳುತ್ತವೆ.

ನಾನು ಬಣ್ಣವನ್ನು ನಾಲ್ಕು ಪ್ರಶ್ನೆಯಿಂದ ಓದುತ್ತೇನೆ. ಚಳಿಯಾ? ಬೆಳಿಗ್ಗೆ ತಣ್ಣಗಿರುವಾಗ ಓತಿ ಕಪ್ಪಗಿರುತ್ತದೆ, ಕಪ್ಪು ಮೈ ಬಿಸಿಲನ್ನು ಬೇಗ ಹೀರುತ್ತದೆ. ಅದೇ ಪ್ರಾಣಿ ಹನ್ನೊಂದಕ್ಕೆ ಒಣಹುಲ್ಲಿನ ಬಣ್ಣಕ್ಕೆ ಬಂದಿರುತ್ತದೆ. ಮೊಟ್ಟೆಯಿಡುವ ಕಾಲವಾ? ಗಂಡಿನ ತಲೆ, ಬೆನ್ನು ರಂಗಾಗುವುದು ಆಗ. ಬೇಲಿ ಓತಿಯ ಗಂಟಲು, ತಲೆ ಕೆಂಪೇರಿ ರಕ್ತ ಕುಡಿದ ಹಾಗೆ ಕಾಣುತ್ತದೆ. 'ಓತಿಕ್ಯಾತ ರಕ್ತ ಹೀರ್ತದೆ' ಅನ್ನುವ ಹೆದರಿಕೆ ಅಲ್ಲಿಂದ ಬಂದದ್ದು. ಅದು ಹೀರುವುದು ಏನೂ ಇಲ್ಲ, ತಿನ್ನುವುದು ಇರುವೆ, ಹುಳ, ಮಿಡತೆ. ಎದುರಿಗೆ ಯಾರಿದ್ದಾರೆ? ಇದು ಮೂರನೇ ಪ್ರಶ್ನೆ. ಕೊನೆಯದು, ನಿದ್ದೆಯಾ ಅಥವಾ ಕಾಯಿಲೆಯಾ? ನಿದ್ದೆಯಲ್ಲಿ ಮೈ ಬಿಳಿಚಿಕೊಳ್ಳುತ್ತದೆ.

ಮೂರನೇ ಪ್ರಶ್ನೆಯನ್ನು ಒಂದು ಜಗಳದಿಂದಲೇ ಹೇಳಬೇಕು. ಕಳೆದ ಮೇ ತಿಂಗಳು, ಹಲಸಿನ ಮರದ ನಮ್ಮ ಅರೆಬೆರಳಿನವನ ಮರಕ್ಕೆ ಇನ್ನೊಂದು ಗಂಡು ಹತ್ತಿತು. ಬುಡದಿಂದ ಮೂರಡಿ ಏರಿ ನಿಂತಿತು. ಮೇಲಿದ್ದವ ಮೊದಲು ಅಲುಗಲೇ ಇಲ್ಲ. ಆಮೇಲೆ ಮುಂಗಾಲು ಊರಿ ದಂಡ ಹೊಡೆಯುವ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಗಂಟಲಿನ ಚೀಲ ಬಿಚ್ಚಿ ಮುಚ್ಚಿತು. ಮೈಯನ್ನು ಪಕ್ಕದಿಂದ ಚಪ್ಪಟೆ ಮಾಡಿ ದೊಡ್ಡದಾಗಿ ತೋರಿಸಿತು. ನಾನು ನೋಡುತ್ತಿದ್ದ ಹಾಗೇ ಕೆನ್ನೆಯ ಕಪ್ಪು ಇನ್ನೂ ಗಟ್ಟಿಯಾಯಿತು, ನೆತ್ತಿಯ ಕಿತ್ತಳೆ ಹೊಳೆಯಿತು. ಕೆಳಗಿನವನೂ ಅಷ್ಟೇ ರಂಗಾಗಿದ್ದ. ಇಬ್ಬರೂ ಕಚ್ಚಾಡಿ ದೊಪ್ಪೆಂದು ತರಗಿನ ಮೇಲೆ ಬಿದ್ದರು. ಎದ್ದಾಗ ಒಬ್ಬ ಮರಕ್ಕೆ, ಇನ್ನೊಬ್ಬ ಬೇಲಿಗೆ. ಬೇಲಿಗೆ ಹೋದವನನ್ನು ದುರ್ಬೀನಿನಲ್ಲಿ ಹುಡುಕಿದೆ. ಕಿತ್ತಳೆ ಇಳಿದು ಹೋಗಿ ಪೂರ್ತಿ ಕಂದಾಗಿತ್ತು, ಎಳೆಯ ಹೆಣ್ಣಿನ ಹಾಗೆ. ಬಿದ್ದಾಗಿನಿಂದ ಎರಡು ನಿಮಿಷವೂ ಆಗಿರಲಿಲ್ಲ. ಆ ಹೊತ್ತಿಗೆ ಯಾರಾದರೂ ತೋಟಕ್ಕೆ ಬಂದಿದ್ದರೆ ಎರಡು ಬೇರೆ ಜಾತಿ ಅಂತಲೇ ಬರೆದುಕೊಳ್ಳುತ್ತಿದ್ದರು.

ಆದ್ದರಿಂದಲೇ ಓತಿಯನ್ನು ಹಿಡಿದು ಫೋಟೋ ತೆಗೆಯಬಾರದು. ಹಿಡಿದ ಕೂಡಲೇ ಬಣ್ಣ ಹೋಗುತ್ತದೆ, ನಿಮಗೆ ಸಿಗುವುದು ಹೆದರಿಕೆಯ ಫೋಟೋ. ಬಾಲವಂತೂ ಮುಟ್ಟಲೇಬೇಡಿ. ಹಲ್ಲಿಯ ಬಾಲ ತುಂಡಾದರೆ ಮತ್ತೆ ಬೆಳೆಯುತ್ತದೆ. ಓತಿಯದ್ದು ಹಾಗೆ ಕಳಚುವ ಬಾಲ ಅಲ್ಲ, ಹೋದರೆ ಹೋಯಿತು.

ಬರೆದಿಡುವುದು, ಫೋಟೋ ತೆಗೆಯುವುದು

ದಿನಾಂಕ, ಹೊತ್ತು, ಬಿಸಿಲೋ ಮೋಡವೋ, ಯಾವ ಮರ, ಎಷ್ಟು ಎತ್ತರ, ಹತ್ತಿರ ಇನ್ನೊಂದು ಓತಿ ಇತ್ತಾ. ಬಣ್ಣವನ್ನು ಒಂದೇ ಪದದಲ್ಲಿ ಬರೆಯಬೇಡಿ. ನೆತ್ತಿ, ಕೆನ್ನೆ, ಗಂಟಲು, ಬೆನ್ನು, ಪಕ್ಕೆ, ಬಾಲ ಅಂತ ಬೇರೆ ಬೇರೆ ಬರೆಯಿರಿ. ಬಾಲ ಹೆಚ್ಚಾಗಿ ಬದಲಾಗುವುದಿಲ್ಲ, ತಲೆ ಗಳಿಗೆಗೊಂದು ಬಣ್ಣ.

ಎತ್ತರಕ್ಕೆ ಟೇಪು ಬೇಡ. ಅಡಿಕೆ ಮರಕ್ಕೆ ಸೋಗೆ ಬಿದ್ದ ಗುರುತಿನ ಉಂಗುರಗಳಿವೆ ಅಲ್ವಾ, ಅವನ್ನು ಎಣಿಸಿ. ನಿಮ್ಮ ತಲೆಯ ಎತ್ತರಕ್ಕೆ ಎಷ್ಟು ಉಂಗುರ ಅಂತ ಒಮ್ಮೆ ನೋಡಿಕೊಂಡರೆ ಆಯಿತು. ಒಂದೇ ಪ್ರಾಣಿ ಅಂತ ಗುರುತು ಹಿಡಿಯಲು ಬೆರಳು, ಬಾಲದ ತುದಿ, ಗಾಯದ ಕಲೆ ಸಾಕು. ಕೆಲವರು ಉಗುರು ಬಣ್ಣ ಹಚ್ಚಲು ಹೋಗುತ್ತಾರೆ. ಬೇಡ. ಕೆಂಬೂತ, ಹಸಿರು ಹಾವು ಎರಡೂ ಓತಿಯ ಹಿಂದೆ ಬಿದ್ದಿರುತ್ತವೆ, ಅವಕ್ಕೆ ಗುರಿ ಬರೆದು ಕೊಟ್ಟ ಹಾಗಾಗುತ್ತದೆ. ಪೊರೆ ಬಿಟ್ಟರೆ ಬಣ್ಣ ಹೇಗೂ ಉಳಿಯುವುದಿಲ್ಲ.

ಫೋಟೋ ಮೂರು ಸಾಕು. ಪಕ್ಕದಿಂದ ಕುತ್ತಿಗೆಯ ಮಡಿಕೆ, ಹತ್ತಿರದಿಂದ ತಲೆ, ಬಾಲ ಸೇರಿದ ಪೂರ್ತಿ ಮೈ. ಮೊಬೈಲ್ ಆದರೂ ನಡೆಯುತ್ತದೆ, ಫ್ಲ್ಯಾಶ್ ಬೇಡ. ತೋಟದೊಳಗೆ ಎಲ್ಲದರ ಮೇಲೂ ಹಸಿರು ಛಾಯೆ ಬೀಳುತ್ತದೆ. ಓತಿ ಹೋದ ಮೇಲೆ ಅದೇ ಜಾಗದಲ್ಲಿ ಒಂದು ಬಿಳಿ ಕಾಗದ ಹಿಡಿದು ಇನ್ನೊಂದು ಫೋಟೋ ತೆಗೆದಿಡಿ. ಆ ಬಿಳಿ ಎಷ್ಟು ಹಸಿರಾಗಿದೆಯೋ ಓತಿಯ ಬಣ್ಣವೂ ಅಷ್ಟು ಸುಳ್ಳು. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಏನಾಗುತ್ತದೆ ಅಂತ ನಾನು ಅನುಭವಿಸಿದ್ದೇನೆ.

ರಾತ್ರಿ ಒಂದು ಸುತ್ತು

ಹಗಲು ಒಂದೂ ಸಿಗದ ತೋಟದಲ್ಲಿ ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಹೋದರೆ ಐದಾರು ಸಿಗುತ್ತವೆ. ಓತಿಗಳು ಮಲಗುವುದು ತೀರಾ ಸಪೂರ ಕೊಂಬೆಯ ತುದಿಯಲ್ಲಿ, ಬಳ್ಳಿಯ ಮೇಲೆ, ಎಲೆಯ ದೇಟಿನ ಮೇಲೆ. ಹಾವು ಹತ್ತಿದರೆ ಕಡ್ಡಿ ಅಲುಗಿ ಎಚ್ಚರ ಆಗುತ್ತದೆ. ಬಿಳಿಚಿದ ಮೈ ಟಾರ್ಚ್ ಬೆಳಕಿಗೆ ಮಿಂಚುತ್ತದೆ. ಕಾಫಿ ಗಿಡ, ಏಲಕ್ಕಿ ಗಿಡಗಳನ್ನು ಸೊಂಟದಿಂದ ತಲೆಯ ಎತ್ತರದವರೆಗೆ ನೋಡುತ್ತಾ ಹೋಗಿ. ಬೆಳಕನ್ನು ನೇರ ಮುಖಕ್ಕೆ ಹಿಡಿಯಬೇಡಿ, ಅರ್ಧ ನಿಮಿಷ ನೋಡಿ ಮುಂದೆ ಹೋಗಿ. ಎಬ್ಬಿಸಿದರೆ ಅದು ಕತ್ತಲಲ್ಲಿ ಕೆಳಗೆ ಬೀಳುತ್ತದೆ, ಮತ್ತೆ ಹತ್ತಲು ದಾರಿ ಕಾಣುವುದಿಲ್ಲ.

ಕೊಂಬೆಗೆ ಕೈ ಹಾಕುವ ಮೊದಲು ಟಾರ್ಚ್ ಹಾಕಿ. ಅದೇ ಎತ್ತರದಲ್ಲಿ ಗುಳಿಮಂಡಲ ಸುರುಳಿ ಸುತ್ತಿ ಕೂತಿರುತ್ತದೆ. ಅದೂ ಹಸಿರು, ಕಂದು, ಹಳದಿ ಅಂತ ಹಲವು ಬಣ್ಣದಲ್ಲಿ ಬರುವ ವಿಷದ ಹಾವು. ಮೊಣಕಾಲವರೆಗಿನ ಗಂಬೂಟು ಇಲ್ಲದೆ, ಒಬ್ಬರೇ, ಹೋಗಲೇಬೇಡಿ.

ಹಾರುವ ಓತಿಗೆ ಬೇರೆ ಕಣ್ಣು

ಇದು ಬೇಲಿಗೆ ಬರುವುದಿಲ್ಲ. ಬುಡ ನೋಡುವುದು ಬಿಟ್ಟು ಅಡಿಕೆ ಮರದ ಕಾಂಡದಲ್ಲಿ ಎರಡಾಳು ಎತ್ತರದಿಂದ ಮೇಲಕ್ಕೆ ನೋಡಿ. ಕೂತಾಗ ಕಲ್ಲುಹೂವಿನ ಕಲೆಗೂ ಅದಕ್ಕೂ ವ್ಯತ್ಯಾಸ ಕಾಣದು. ಓತಿಯನ್ನು ಹುಡುಕಬೇಡಿ, ಹಳದಿ ಮಿಂಚನ್ನು ಹುಡುಕಿ. ಗಂಡು ಗಂಟಲಿನ ಹಳದಿ ಪಟ್ಟಿಯನ್ನು ಧ್ವಜದ ಹಾಗೆ ಬಿಚ್ಚಿ ಮುಚ್ಚುತ್ತದೆ. ಒಮ್ಮೆ ಕಂಡರೆ ಕಣ್ಣು ತೆಗೆಯದೆ ಅಲ್ಲೇ ನಿಲ್ಲಿ.

ಹಾರುವ ಮೊದಲು ತಲೆ ಕೆಳಗೆ ತಿರುಗಿಸುತ್ತದೆ ಅಥವಾ ಪಕ್ಕದ ಮರದ ಕಡೆ ಕತ್ತು ಚಾಚುತ್ತದೆ. ನೆಗೆದ ಮೇಲೆ ಉದ್ದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ ಬಿಚ್ಚಿಕೊಳ್ಳುತ್ತದೆ. ಬಡಿಯುವುದಿಲ್ಲ, ತೇಲುತ್ತದೆ, ಹೊರಟದ್ದಕ್ಕಿಂತ ತಗ್ಗಿನಲ್ಲಿ ಇಳಿದು ಮತ್ತೆ ಮೇಲೆ ಹತ್ತುತ್ತದೆ. 2017ರಲ್ಲಿ ನಮ್ಮ ಇದೇ ಜಾತಿಯನ್ನು ನೋಡಿ ಒಂದು ಹೊಸ ಸಂಗತಿ ಪ್ರಕಟಿಸಿದರು. ತೇಲುವಾಗ ಅದು ಮುಂಗಾಲುಗಳಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಹೊದ್ದ ಕಂಬಳಿಕೊಪ್ಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದ ಹಾಗೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆದರೆ ನಿಮಗೂ ಕಾಣಬಹುದು. ನನಗೆ ಹನ್ನೊಂದು ಸಲದಲ್ಲಿ ಒಂದು ಸಲ ಸಿಕ್ಕಿತು, ಅದರಲ್ಲೂ ಅರ್ಧ ಸೋಗೆ ಅಡ್ಡ.

ಹೆಣ್ಣು ನೆಲಕ್ಕೆ ಇಳಿದು ಬರುವುದು ಮೊಟ್ಟೆ ಇಡಲು. ಆಗ ಅದರ ಪ್ರಾಣ ನಿಮ್ಮ ಮನೆ ಬೆಕ್ಕಿನ ಕೈಯಲ್ಲಿ.

ಗುದ್ದಲಿಗೆ ಮೊಟ್ಟೆ ಸಿಕ್ಕರೆ

ಮಳೆಗಾಲದಲ್ಲಿ ಬುಡ ಬಿಡಿಸುವಾಗ ಬೆರಳ ತುದಿಯ ಗಾತ್ರದ ಬಿಳಿ ಮೊಟ್ಟೆಗಳ ಗುಂಪು ಏಳುವುದುಂಟು. ಚಿಪ್ಪು ಗಟ್ಟಿ ಇರುವುದಿಲ್ಲ, ತೊಗಲಿನ ಹಾಗೆ ಮೆತ್ತಗೆ. ಹಾವಿನ ಮೊಟ್ಟೆ ಅಂತ ಜಜ್ಜಬೇಡಿ. ಬೇಲಿ ಓತಿ ಒಮ್ಮೆಗೆ ಹತ್ತಿಪ್ಪತ್ತು ಮೊಟ್ಟೆ ಇಡುತ್ತದೆ. ಮುಂಗಾಲಿನಲ್ಲಿ ಗುಳಿ ತೋಡಿ, ಇಟ್ಟು, ಮಣ್ಣು ಮುಚ್ಚಿ, ಕೊನೆಗೆ ಮೂತಿಯಿಂದ ಕುಟ್ಟಿ ಕುಟ್ಟಿ ನೆಲ ಸಮ ಮಾಡುತ್ತದೆ. ಅಂಗಳಕ್ಕೆ ಸಗಣಿ ಹಾಕುವ ಮೊದಲು ಅಜ್ಜಿ ನೆಲ ಬಡಿಯುತ್ತಿದ್ದದ್ದು ನನಗೆ ನೆನಪಾಗುತ್ತದೆ.

ಮೊಟ್ಟೆಯನ್ನು ತಿರುಗಿಸದಿರುವುದು ಇಲ್ಲಿ ಮುಖ್ಯ. ಕೋಳಿಮೊಟ್ಟೆಯ ಹಾಗೆ ಹೊರಳಿಸಿದರೆ ಒಳಗೆ ಅಂಟಿಕೊಂಡ ಮರಿ ಸಾಯುತ್ತದೆ. ಮೇಲಿನ ಬದಿಗೆ ಪೆನ್ಸಿಲಿನಲ್ಲಿ ಹಗುರವಾಗಿ ಒಂದು ಚುಕ್ಕೆ ಇಡಿ, ಹಾಗೇ ಎತ್ತಿ, ಅದೇ ಜಾಗದಲ್ಲಿ ಅಷ್ಟೇ ಆಳದಲ್ಲಿ ಚುಕ್ಕೆ ಮೇಲೆ ಇರುವ ಹಾಗೆ ಇಟ್ಟು ಮಣ್ಣು ಮುಚ್ಚಿ. ಬೇರೆ ಕಡೆ, ಬಿಸಿಲಿಗೋ ನೆರಳಿಗೋ, ಸಾಗಿಸಬೇಡಿ. ಮಣ್ಣಿನ ಬಿಸಿಯ ಮೇಲೆ ಮರಿ ಹೆಣ್ಣೋ ಗಂಡೋ ಅನ್ನುವುದು ನಿಂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು ಬೇಲಿ ಓತಿಯಲ್ಲಿ ಇದನ್ನು ತೋರಿಸಿ 2012ರಲ್ಲಿ ಪ್ರಕಟಿಸಿದರು. ಬಿಸಿ ಏರುತ್ತಾ ಹೋದ ಹಾಗೆ ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು. ಇಂಥ ಲೆಕ್ಕ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಮರಿ ಹೊರಬರಲು ಒಂದೂವರೆಯಿಂದ ಎರಡೂವರೆ ತಿಂಗಳು. ಪಕ್ಕದಲ್ಲಿ ಒಂದು ಕಡ್ಡಿ ಚುಚ್ಚಿಡಿ, ಕೆಲಸದವರಿಗೂ ಹೇಳಿಡಿ.

ತೋಟದಲ್ಲಿ ಉಳಿಸಿಕೊಳ್ಳುವುದು

ಹೆಚ್ಚೇನೂ ಬೇಡ. ಬೇಲಿಗೆ ತಂತಿ ಎಳೆದರೂ ಗೊಬ್ಬರದ ಗಿಡ ಕಡಿಯಬೇಡಿ. ಸವರುವುದಿದ್ದರೆ ಒಂದು ಬದಿ ಈ ವರ್ಷ, ಇನ್ನೊಂದು ಬದಿ ಮುಂದಿನ ವರ್ಷ. ಅಗಳದ ಏರಿಗೆ ಕಳೆನಾಶಕ ಹೊಡೆಯಬೇಡಿ, ಹುಳ ಇಲ್ಲದ ಕಡೆ ಓತಿ ನಿಲ್ಲುವುದಿಲ್ಲ. ಒಣಮರ ಒಂದೆರಡು ನಿಂತಿರಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ನಮಗೆ ಗತಿಯಿಲ್ಲ, ಅದು ಗೊತ್ತು. ಹೊಡೆಯುವ ದಿನ ಮರಿಗಳಿರುವ ಹುಲ್ಲಿನ ಕಡೆ ಪೈಪು ಸೋರದ ಹಾಗೆ ನೋಡಿಕೊಂಡರೆ ಸಾಕು.

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುವ ಗಾದೆಯನ್ನು ಸುಳ್ಳು ಸಾಕ್ಷಿ ಹೇಳುವವರಿಗೆ ಬಳಸುತ್ತೇವೆ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಬೇಲಿ ಹೇಳಿದ್ದು ನಿಜವೇ ಆಗಿದೆ. ಈ ವರ್ಷದ ಮೊದಲ ಪುಟದಲ್ಲಿ ಹೀಗೆ ಬರೆದಿದ್ದೇನೆ: 'ಹಲಸಿನ ಮರ, ಬೆಳಿಗ್ಗೆ 10.10, ಎಳೆ ಬಿಸಿಲು. ನೆತ್ತಿ ಕಂದು, ಕೆನ್ನೆ ಕಂದು, ಗಂಟಲು ಬೂದಿ. ಮಡಿಕೆ ಇದೆ. ಎಡಗೈ ಬೆರಳು ಅರ್ಧ. ಬಾಲದ ತುದಿ ಹೊಸದಾಗಿ ತುಂಡು.'